ಬರೆಯುವವನ ಕೂಲಿ

(ಡಂಬಳದಲ್ಲಿ ತರುಣ ಮಿತ್ರರ ಮುಂದೆ ಮಾಡಿದ ಭಾಷಣ)



ಇಂದು ಮುಂಜಾನೆ ಗದಗದಿಂದ ಡಂಬಳಕ್ಕೆ ಬರುವ ಬಸ್ಸಿನಲ್ಲಿ ಹಿರಿಯರೊಬ್ಬರು ನಮ್ಮ ಕೈಯಲ್ಲಿದ್ದ ಕಾಗದಗಳನ್ನು ನೋಡಿ, "ಯಾವ ಪೇಪರಿನವರ್ರೀ ನೀವು?" ಎಂದು ಕೇಳಿದರು. "ಯಾವ ಪೇಪರಿನವರೂ ಅಲ್ಲರೀ, ಕೇಳಿದವರಿಗೆಲ್ಲಾ ಬರೀತೀವಿ" ಎಂದೆವು. "ಹಂಗಾರ ಪಗಾರ ಯಾರು ಕೊಡ್ತಾರ?" ಎಂದರು. ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಡಂಬಳ ಬಂತು. ಆ ಉತ್ತರವನ್ನು ನಿಮ್ಮೆದುರು ಹೇಳಬೇಕೆಂದು ನಿಂತಿದ್ದೇವೆ.

ನಮ್ಮಂಥವರಿಗೆ 'ಹವ್ಯಾಸಿ ಪತ್ರಕರ್ತ'ರೆಂಬ ಹೆಸರು ರೂಢಿಯಲ್ಲಿದೆ. ಹವ್ಯಾಸವೆಂದರೆ ಹೊಟ್ಟೆ ತುಂಬಿದವನು ಬಿಡುವಿನಲ್ಲಿ ಮಾಡುವ ಕೆಲಸ. ಹತ್ತು ಮನೆಗೆ ಹೋಗಿ ಕದ ಕಿಟಕಿ ಮಾಡುವವನನ್ನು ಹವ್ಯಾಸಿ ಬಡಗಿ ಎಂದು ಯಾರೂ ಕರೆಯುವುದಿಲ್ಲ. ಅವನ ಕೂಲಿಯನ್ನು ಕೆಲಸಕ್ಕೆ ಮೊದಲೇ ಗೊತ್ತು ಮಾಡುತ್ತಾರೆ. ಬರೆಯುವವನಿಗೆ ಮಾತ್ರ ಕೂಲಿಯ ಮಾತೆತ್ತಿದರೆ ಸಂಕೋಚ, ಕೊಟ್ಟರೆ ಅದು 'ಗೌರವಧನ'. ಗೌರವ ಕೊಡುವವನ ಮರ್ಜಿ. ಕೂಲಿ ದುಡಿದವನ ಹಕ್ಕು. ಈ ಭೇದವನ್ನು ನಾವು ಮರೆಯಬಾರದು.

ಈ ಕೆಲಸ ಎಂಥದು? ಒಂದು ಉದಾಹರಣೆ ಕೊಡುತ್ತೇವೆ. ಉಳ್ಳಾಗಡ್ಡಿಯ ದರ ಬಿದ್ದಿದೆಯೆಂದು ಇಟ್ಟುಕೊಳ್ಳಿ. ಮೂರು ದಿನ ಹೊಲ, ಮಾರುಕಟ್ಟೆ ಸುತ್ತಿ, ರೈತ, ಹಮಾಲ, ದಲಾಲ ಎಲ್ಲರನ್ನೂ ಮಾತಾಡಿಸುತ್ತೇವೆ. ಬೀಜ, ಗೊಬ್ಬರ, ಕಳೆ, ಚೀಲ, ಲಾರಿ ಬಾಡಿಗೆ ಕೂಡಿಸಿ ಲೆಕ್ಕ ಬರೆಯುತ್ತೇವೆ. ಈ ಒಂದೇ ತಿರುಗಾಟದಿಂದ ಮೂರು ಬರಹಗಳಾಗಬೇಕು. ಇಲ್ಲದಿದ್ದರೆ ಬಸ್ಸಿನ ಖರ್ಚೂ ಹುಟ್ಟದು.

ಮೊದಲನೆಯದು ರೇಡಿಯೋ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಅಂದಿನಿಂದ ನಮ್ಮ ಭಾಗದ ಎಷ್ಟೋ ಲೇಖಕರಿಗೆ ಅದರ ಭಾಷಣವೇ ಮೊದಲ ಸಂಪಾದನೆ. ರೇಡಿಯೋ ಕೇಳುವವನು ಹಿಂದಿನ ಪುಟ ತಿರುವಿ ನೋಡಲಾರ. ರೊಟ್ಟಿ ಬಡಿಯುತ್ತಲೋ ದನಕ್ಕೆ ನೀರು ಕುಡಿಸುತ್ತಲೋ ಕೇಳುತ್ತಿರುತ್ತಾನೆ. ಆದುದರಿಂದ ವಾಕ್ಯ ಚಿಕ್ಕದಿರಬೇಕು, ಅಂಕಿ ಒಂದೆರಡೇ ಇರಬೇಕು. ಎರಡನೆಯದು ಮಾಸಿಕ, ವಾರಪತ್ರಿಕೆ. ಅಲ್ಲಿ ಓದುವವನು ಕುಳಿತು ಓದುತ್ತಾನೆ. ಪೂರ್ತಿ ಲೆಕ್ಕ, ಹಳೆಯ ಕಥೆ, ಎರಡೂ ಕಡೆಯ ಮಾತು ಬೇಕು. ಮೂರನೆಯದು ಅಂತರ್ಜಾಲ. ಅಲ್ಲಿ ಬರೆದದ್ದು ಅದೇ ಸಂಜೆ ದುಬೈಯಲ್ಲಿರುವ ನಿಮ್ಮೂರ ಹುಡುಗನ ಫೋನಿಗೂ ತಲುಪುತ್ತದೆ. ತಪ್ಪಿದ್ದರೆ ತಿದ್ದಬಹುದು, ಆದರೆ ತಿದ್ದುವ ಮೊದಲೇ ತಪ್ಪು ನೂರು ಊರು ತಿರುಗಿರುತ್ತದೆ. ವಿಷಯ ಒಂದೇ, ದುಡಿಮೆ ಮೂರು ಬಗೆಯದು. ಒಂದನ್ನು ನಕಲು ಮಾಡಿ ಮೂರು ಕಡೆ ಕಳಿಸುವವನು ಮೂರೂ ಕಡೆಯವರಿಗೆ ಮೋಸ ಮಾಡುತ್ತಾನೆ.

ಇನ್ನು ಕಾಯಿದೆಯ ಮಾತು. 1955ರಲ್ಲಿ ಪಾರ್ಲಿಮೆಂಟು ಕಾರ್ಯನಿರತ ಪತ್ರಕರ್ತರ ಕಾಯಿದೆ ಮಾಡಿತು. ಪತ್ರಕರ್ತನೂ ಶ್ರಮಜೀವಿ, ಅವನಿಗೂ ಕೆಲಸದ ಅವಧಿ, ರಜೆ, ವೇತನ ಮಂಡಳಿ ಬೇಕೆಂದು ಒಪ್ಪಿದ ಕಾಯಿದೆ ಅದು. ಅದರ ಜಾಗಕ್ಕೆ ಬಂದ 2020ರ ಸಂಹಿತೆ ರೇಡಿಯೋ, ಟೀವಿ, ಡಿಜಿಟಲ್ ಮಾಧ್ಯಮಗಳನ್ನೂ ಸೇರಿಸಿಕೊಂಡಿದೆ. ಆದರೆ ಎರಡರಲ್ಲಿಯೂ ಒಂದು ಷರತ್ತು ಇದೆ: ಪತ್ರಕರ್ತನು ಸಂಸ್ಥೆಯಲ್ಲಿ ನೇಮಕಗೊಂಡವನಾಗಿರಬೇಕು. ಅರೆಕಾಲದ ನೇಮಕವಾದರೂ ಸರಿ, ನೇಮಕ ಬೇಕು. ನಮಗೆ ನೇಮಕವೆಂಬುದೇ ಇಲ್ಲ. ಮನೆಯ ಛಾವಣಿ ದೊಡ್ಡದಾಯಿತು, ನಾವು ಮಾತ್ರ ಹೊರಗಿನ ಕಟ್ಟೆಯ ಮೇಲೆಯೇ ಉಳಿದೆವು. ಅದೇ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮಾಲಿಕ–ನೌಕರ ಸಂಬಂಧದ ಹೊರಗೆ ದುಡಿಯುವವನಿಗೆ 'ಗಿಗ್ ಕೆಲಸಗಾರ' ಎಂಬ ಹೆಸರಿದೆ. ಆ ಮಾತಿನೊಳಗೆ ನಾವೂ ಬರುತ್ತೇವೆಂದು ವಾದಿಸಬೇಕು. ಒಬ್ಬೊಬ್ಬರೇ ವಾದಿಸಿದರೆ ಯಾರೂ ಕೇಳುವುದಿಲ್ಲ.

ಒಂದು ಕಾಯಿದೆ ಮಾತ್ರ ನಮ್ಮ ಪಕ್ಷದಲ್ಲಿದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ನೌಕರನಲ್ಲದವನು ಬರೆದ ಲೇಖನಕ್ಕೆ ಬರೆದವನೇ ಮೊದಲ ಒಡೆಯ. ಆ ಹಕ್ಕನ್ನು ಬೇರೆಯವರಿಗೆ ಒಪ್ಪಿಸಬೇಕಾದರೆ ಬರಹದಲ್ಲಿ ಒಪ್ಪಿಸಿ ಸಹಿ ಮಾಡಬೇಕು. ಎಷ್ಟು ವರ್ಷವೆಂದು ಬರೆಯದಿದ್ದರೆ ಐದೇ ವರ್ಷ ಎಂದು ಅರ್ಥ. ಆದುದರಿಂದ ಕಾಗದ ಓದದೆ ಸಹಿ ಮಾಡಬೇಡಿ. ಹಣ ತೆಗೆದುಕೊಂಡು ಬೇರೆಯವರ ಅಪ್ಪಣೆಯ ಮೇಲೆ ತೆಗೆದ ಫೋಟೋ ಮಾತ್ರ, ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟವನದಾಗುತ್ತದೆ. ಇದನ್ನೂ ನೆನಪಿಡಿ.

ನಿಮ್ಮ ಊರಿಗೆ ಇದು ಹೊಸ ಮಾತಲ್ಲ. ಧರ್ಮವೊಳಲು ಎನಿಸಿಕೊಂಡಿದ್ದ ಈ ಡಂಬಳದ ವರ್ತಕರು ಬೌದ್ಧ ವಿಹಾರ ಕಟ್ಟಿಸಿ ತಾರಾದೇವಿಗೆ ದತ್ತಿ ಬಿಟ್ಟ ಸಂಗತಿಯನ್ನು 1095ರ ಶಾಸನ ಹೇಳುತ್ತದೆ. ಕೊಟ್ಟವರು ಯಾರು, ಕೊಟ್ಟದ್ದು ಏತಕ್ಕೆ ಎಂಬುದನ್ನು ಅವರು ಕಲ್ಲಿನಲ್ಲಿ ಕೊರೆಸಿದರು. ಇಂದು ಬರೆಸಿಕೊಳ್ಳುವವರು ಒಂದು ಲೇಖನಕ್ಕೆ ಎಷ್ಟು ಕೊಡುತ್ತೇವೆಂದು ಒಂದು ಸಾಲು ಬರೆದು ಕಳಿಸಲೂ ಹಿಂಜರಿಯುತ್ತಾರೆ.

ಕೂಲಿ ಕೊಡದಿದ್ದರೆ ನಷ್ಟ ಬರೆಯುವವನದಷ್ಟೇ ಎಂದು ತಿಳಿಯಬೇಡಿ. ನಮ್ಮದೇ ತಪ್ಪನ್ನು ಮುಚ್ಚಿಡದೆ ಹೇಳುತ್ತೇವೆ. ಹಲವು ವರ್ಷಗಳ ಹಿಂದೆ ಒಂದು ಪತ್ರಿಕೆಗೆ ತಾಲೂಕಿನ ಬಾತ್ಮೀದಾರರಾಗಿದ್ದೆವು. ಸುದ್ದಿಗೆ ಹಣವಿಲ್ಲ, ಜಾಹೀರಾತು ತಂದರೆ ಕಮಿಶನ್. ಒಂದು ಹಳ್ಳಿಯಲ್ಲಿ ಕಲ್ಲು ಪುಡಿ ಮಾಡುವ ಯಂತ್ರದ ಧೂಳು ಬೆಳೆಯ ಮೇಲೆ ಕೂತಿತ್ತು. ಯಂತ್ರದ ಮಾಲಿಕರು ದೀಪಾವಳಿ ಸಂಚಿಕೆಗೆ ನಮ್ಮ ಕೈಯಿಂದಲೇ ಜಾಹೀರಾತು ಕೊಟ್ಟಿದ್ದರು. ನಾವು ಸುದ್ದಿ ಬರೆದೆವು, ಯಂತ್ರದ ಮಾತು ಬಿಟ್ಟೆವು. ವಾರದ ಮೇಲೆ ಆ ಹೊಲದ ರೈತರು ಪತ್ರಿಕೆ ಹಿಡಿದುಕೊಂಡು ಬಂದು, "ಸರ, ಧೂಳು ಬಿದ್ದದ್ದು ಬರದೀರಿ. ಎಲ್ಲಿಂದ ಬಂತು ಅಂತ ಬರದಿಲ್ಲಲ್ಲ?" ಎಂದರು. ಅವರು ಬೈಯಲಿಲ್ಲ. ಬೈದಿದ್ದರೆ ನಾವು ಮರೆಯುತ್ತಿದ್ದೆವೇನೋ. ಆ ತಿಂಗಳ ಕಮಿಶನ್ ಹಣದಲ್ಲಿ ಮನೆಯ ಕಿರಾಣಿ ಬಾಕಿ ತೀರಿತ್ತೆಂಬುದು ನಿಜ. ಅದು ತಪ್ಪಿಗೆ ಕಾರಣವೇ ಹೊರತು ಸಮರ್ಥನೆಯಲ್ಲ. ಸುದ್ದಿಗೆ ಕೂಲಿ ಇಲ್ಲದಿರುವಲ್ಲಿ ಸುದ್ದಿ ಮುಚ್ಚುವುದಕ್ಕೆ ಕೂಲಿ ಹುಟ್ಟುತ್ತದೆ.

ಈ ಮಾತನ್ನು ಮುಂಡರಗಿ ತಾಲೂಕಿನವರಾದ ನೀವು ಬೇಗ ತಿಳಿಯಬಲ್ಲಿರಿ. 2011ರಲ್ಲಿ ಪೋಸ್ಕೋ ಉಕ್ಕಿನ ಕಾರಖಾನೆಗಾಗಿ ಇದೇ ತಾಲೂಕಿನ ಹಳ್ಳಿಗುಡಿಯ ಸುತ್ತಿನ ಹೊಲಗಳನ್ನು ತೆಗೆದುಕೊಳ್ಳಲು ಸರಕಾರ ಹೊರಟಾಗ ರೈತರು ಎದ್ದು ನಿಂತರು. ಗದಗ–ಡಂಬಳ ಮಠದ ತೋಂಟದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು. ಅದೇ ಜುಲೈಯಲ್ಲಿ ಭೂಸ್ವಾಧೀನ ನಿಂತಿತು. 2013ರಲ್ಲಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಇಂಥ ಸಂಗತಿಯ ಮೊದಲ ವಾಸನೆ ಬರುವುದು ಹಳ್ಳಿಯ ಚಾವಡಿಯಲ್ಲಿ, ರಾಜಧಾನಿಯ ಕಚೇರಿಯಲ್ಲಲ್ಲ. ಆ ಚಾವಡಿಯ ಹತ್ತಿರ ಇರುವವನು ಪಗಾರವಿಲ್ಲದ ಬರಹಗಾರನೇ. ಅವನನ್ನು ಒಂದು ಜಾಹೀರಾತಿಗೆ ಕೊಳ್ಳಬಹುದಾದರೆ ಹೊಲ ಕಳೆದುಕೊಳ್ಳುವವನ ಕೂಗು ಎಲ್ಲಿ ಕೇಳಬೇಕು?

ಕೊಳ್ಳಲಾಗದವರೂ ಇದ್ದಾರೆ. ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ಶ್ರೀ ಪಡ್ರೆಯವರು ಕೃಷಿಕರೂ ಹೌದು, ಪತ್ರಕರ್ತರೂ ಹೌದು. ಗೇರು ತೋಟಗಳ ಮೇಲೆ ವಿಮಾನದಿಂದ ಸಿಂಪಡಿಸಿದ ಎಂಡೋಸಲ್ಫಾನ್ ತಮ್ಮ ಊರಿನ ದನಕರುಗಳಿಗೆ, ಮಕ್ಕಳಿಗೆ ಏನು ಮಾಡುತ್ತಿದೆಯೆಂದು ಮೊದಮೊದಲು ಬರೆದವರಲ್ಲಿ ಅವರೊಬ್ಬರು. ದೇಶಕ್ಕೆಲ್ಲ ಅನ್ವಯಿಸುವ ನಿಷೇಧವನ್ನು ಸುಪ್ರೀಂ ಕೋರ್ಟು ವಿಧಿಸಿದ್ದು 2011ರ ಮೇ 13ರಂದು, ದಶಕಗಳ ಮೇಲೆ. ಪುತ್ತೂರಿನಲ್ಲಿ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯಲ್ಲಿ ಅವರೂ ಅವರ ಗೆಳೆಯರೂ ಕೃಷಿಕರ ಕೈಗೇ ಲೇಖನಿ ಕೊಟ್ಟರು. ಅವರಿಗೆ ಹೊಲವಿತ್ತು, ಹೊಲವಿಲ್ಲದ ಬರಹಗಾರನಿಗೆ ನ್ಯಾಯವಾದ ಕೂಲಿಯೇ ಹೊಲ.

ನಮ್ಮ ಬೇಡಿಕೆಗಳು ಸಣ್ಣವು. ದರ ಮೊದಲೇ ಬರಹದಲ್ಲಿ ಬರಲಿ. ಪ್ರಕಟವಾದ ತಿಂಗಳೊಳಗೆ ಹಣ ಬರಲಿ. ತಿರುಗಾಟದ ಖರ್ಚು ಬೇರೆ ಕೊಡಲಿ. ಸುದ್ದಿ ಬರೆಯುವವನ ಮೇಲೆ ಜಾಹೀರಾತು ತರುವ ಹೊರೆ ಬೀಳದಿರಲಿ. ಜಾಲತಾಣಕ್ಕೆ ಮತ್ತೆ ಬಳಸಿದರೆ ಮತ್ತೆ ಕೊಡಲಿ. ಸಮಾಜವಾದಿ ಪತ್ರಿಕೆಗಳೂ ಈ ಲೆಕ್ಕದಿಂದ ಹೊರಗಲ್ಲ. ತತ್ವಕ್ಕಾಗಿ ಪುಕ್ಕಟೆ ಬರೆಯುವುದಾದರೆ ಆ ಮಾತನ್ನು ಬರೆಯುವವನು ಹೇಳಬೇಕು, ಬರೆಸುವವನಲ್ಲ.

ಬಸ್ಸಿನ ಹಿರಿಯರಿಗೆ ಈಗ ಉತ್ತರ ಹೇಳುತ್ತೇವೆ. ಪಗಾರವನ್ನು ಯಾರೂ ತಾವಾಗಿ ಕೊಡುವುದಿಲ್ಲ. ಕೂಡಿ ಕೇಳಿದರೆ ಕೊಡುತ್ತಾರೆ. ನಿಮ್ಮಲ್ಲಿ ಬರೆಯುವವರು ನಾಲ್ಕೇ ಜನರಿದ್ದರೂ ಸರಿ, ಈ ವಾರವೇ ಒಂದು ಕಡೆ ಕೂಡಿರಿ. ಯಾರು ಎಷ್ಟು ಕೊಟ್ಟರು, ಯಾರು ಬಾಕಿ ಇಟ್ಟರು ಎಂಬುದನ್ನು ಒಂದೇ ವಹಿಯಲ್ಲಿ ಬರೆದಿಡಿರಿ. ಆ ವಹಿಯಿಂದಲೇ ನಮ್ಮ ಸಂಘ ಆರಂಭವಾಗಲಿ.