ವೈದ್ಯರ ವಿಶ್ರಾಂತಿ, ರೋಗಿಯ ರಕ್ಷಣೆ
(ತರಬೇತಿನಿರತ ವೈದ್ಯರ ಕರ್ತವ್ಯದ ಅವಧಿ ಕುರಿತ ಉಪನ್ಯಾಸದ ಪಠ್ಯ)



1984ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದಕ್ಕೆ ಜ್ವರದಿಂದ ದಾಖಲಾದ 18 ವರ್ಷದ ಲಿಬ್ಬಿ ಜಿಯಾನ್ ಕೆಲವೇ ಗಂಟೆಗಳಲ್ಲಿ ಮೃತಪಟ್ಟಳು. ಆ ರಾತ್ರಿ ಆಕೆಯ ಆರೈಕೆಯು ಅನೇಕ ರೋಗಿಗಳ ಹೊಣೆ ಹೊತ್ತಿದ್ದ ತರಬೇತಿನಿರತ ವೈದ್ಯರ ಕೈಯಲ್ಲಿತ್ತು. ವಿಚಾರಣೆಯು ದೀರ್ಘ ಪಾಳಿಯ ಪದ್ಧತಿಯನ್ನೇ ಪ್ರಶ್ನಿಸಿತು. 1989ರಲ್ಲಿ ಆ ರಾಜ್ಯವು ವಾರಕ್ಕೆ 80 ಗಂಟೆಗಳ ಮಿತಿ ವಿಧಿಸಿತು. 2003ರಲ್ಲಿ ಅದು ಅಮೆರಿಕದಾದ್ಯಂತ ಜಾರಿಗೆ ಬಂದಿತು.

ಭಾರತದಲ್ಲಿ 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯು ನಿರಂತರ ಕರ್ತವ್ಯವು ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು ಸೂಚಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿಯು ವಾರಕ್ಕೊಂದು ರಜೆಯನ್ನೂ ‘ಸಮಂಜಸ’ ಕೆಲಸದ ಅವಧಿಯನ್ನೂ ವಿಧಿಸುತ್ತದೆ. ಆದರೆ ಸಮಂಜಸವೆಂದರೆ ಎಷ್ಟು ಗಂಟೆ ಎಂಬುದನ್ನು ಹೇಳುವುದಿಲ್ಲ. 2024ರಲ್ಲಿ ಆಯೋಗದ ಕಾರ್ಯಪಡೆಯು ವಾರಕ್ಕೆ 74 ಗಂಟೆಗಳ ಮಿತಿಯನ್ನು ಶಿಫಾರಸು ಮಾಡಿತು. ಶಿಫಾರಸು ನಿಯಮವಲ್ಲ.

ಅವಧಿ ತಗ್ಗಿದರೆ ಕಲಿಕೆ ಕುಗ್ಗುವುದು, ಪಾಳಿ ಬದಲಾದಾಗ ರೋಗಿಯ ವಿವರ ಕೈತಪ್ಪುವುದು ಎಂಬ ಆಕ್ಷೇಪಗಳುಂಟು. ಎರಡನೆಯದು ನಿಜವಾದ ಅಪಾಯ. ಅದಕ್ಕೆ ಪರಿಹಾರ ವೈದ್ಯರನ್ನು ಎಚ್ಚರವಾಗಿರಿಸುವುದಲ್ಲ, ಹಸ್ತಾಂತರವನ್ನು ಲಿಖಿತಗೊಳಿಸುವುದು. ನಿದ್ದೆಗೆಟ್ಟ ಮನಸ್ಸು ಕಲಿಯುವುದೂ ಅಷ್ಟಕ್ಕಷ್ಟೆ.

ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮದಡಿ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುತ್ತಾರೆ. ಆದುದರಿಂದ ಈ ಪ್ರಶ್ನೆ ಮಹಾನಗರಗಳದ್ದಷ್ಟೇ ಅಲ್ಲ. ಬರುವವರನ್ನು ಖಾಲಿ ಹುದ್ದೆಗಳ ಭರ್ತಿಗೆಂದು ಭಾವಿಸದೆ, ಪಾಳಿಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಿ, ರಾತ್ರಿಪಾಳಿಯ ಮರುದಿನ ಬಿಡುವು ನೀಡಿ, ಶುಚಿಯಾದ ವಿಶ್ರಾಂತಿ ಕೊಠಡಿ ಒದಗಿಸುವುದು ಆಸ್ಪತ್ರೆಗಳ ಹೊಣೆ. ರಾತ್ರಿ ಮೂರು ಗಂಟೆಗೆ ಬರುವ ರೋಗಿಗೂ ಎಚ್ಚರವಿರುವ ವೈದ್ಯರು ದೊರೆಯಬೇಕು.