ಹಿತ್ತಿಲ ಹಣ್ಣು, ಹಿತ್ತಿಲ ಸೊಪ್ಪು



ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಕೈಗೆಟುಕುವ ವಸ್ತುವಿಗೆ ಬೆಲೆ ಕೊಡದಿರುವುದು ಮನುಷ್ಯಸ್ವಭಾವವೆಂಬುದನ್ನು ಆ ಗಾದೆ ತಿಳಿಸುತ್ತದೆ. ಈಗಿನ ಪಟ್ಟಣವಾಸಿಗಳಿಗೋ, ಬೆಲೆ ಕೊಡದಿರುವುದಕ್ಕಾದರೂ ಹಿತ್ತಿಲೆಂಬುದು ಇದ್ದರೆ ತಾನೆ! 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಮನೆ ಎದ್ದು ನಿಂತ ಬಳಿಕ ಹಿಂದುಗಡೆ ಒಂದು ಕಿರಿದಾದ ಪಟ್ಟಿ ಉಳಿಯುವುದುಂಟು; ಅದಕ್ಕೂ ಕಲ್ಲು ಹಾಸಿ ಗಾರೆ ಬಳಿಯುವವರೇ ಹೆಚ್ಚು. ಹಾಗೆ ಮಾಡದೆ ಆ ಪಟ್ಟಿಯನ್ನು ಮಣ್ಣಾಗಿಯೇ ಉಳಿಸಿಕೊಂಡವರು ಅದರಲ್ಲಿ ಏನನ್ನು ನೆಡಬೇಕು, ಏನನ್ನು ನೆಡಬಾರದು, ಬೆಳೆದುದನ್ನು ಹೇಗೆ ಉಣ್ಣಬೇಕು ಎಂಬಿಷ್ಟೇ ನಮ್ಮ ಇಂದಿನ ವಿಷಯ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡುಬಿಡುತ್ತೇವೆ. ಮನೆ ಕಟ್ಟಿಸಿದ ವರ್ಷ ಹಣ್ಣಿನ ಆಸೆಯಿಂದ ರಸಪುರಿ ಮಾವಿನ ಕಸಿಗಿಡವೊಂದನ್ನು ಗೋಡೆಯಿಂದ ಆರೇ ಅಡಿ ದೂರದಲ್ಲಿ ನೆಟ್ಟೆವು. ಕಸಿಗಿಡ ಎತ್ತರಕ್ಕೆ ಹೋಗುವುದಿಲ್ಲವೆಂದು ಯಾರೋ ಹೇಳಿದುದನ್ನು ನಂಬಿದ್ದೆವು. 12 ವರ್ಷಗಳಲ್ಲಿ ಅದು ತಾರಸಿಯನ್ನು ಮುಟ್ಟಿತು. ಅದರ ನೆರಳಿನಲ್ಲಿ ಹರಿವೆ, ಕೊತ್ತಂಬರಿಗಳು ಬಿಳಿಚಿಕೊಂಡು ಸತ್ತವು. ಗೋಡೆಯಲ್ಲಿ ಬಿರುಕು ಕಾಣಿಸಿತು. ಕಡೆಗೆ ಹೂ ಬಿಟ್ಟಿದ್ದ ಮರಕ್ಕೆ ಕೊಡಲಿ ಹಾಕಿಸಬೇಕಾಯಿತು. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮಾವು, ಹಲಸು, ನೇರಳೆಗಳು ತೋಟದ ಮರಗಳು. ಸುತ್ತಲೂ 30 ಅಡಿ ಬಯಲು ಇಲ್ಲದವರು ಅವುಗಳ ಗೊಡವೆಗೆ ಹೋಗದಿರುವುದೇ ಲೇಸು.

ಕಿರಿಯ ಹಿತ್ತಿಲಿಗೆ ಮೊದಲು ಬರತಕ್ಕದ್ದು ನುಗ್ಗೆ. ಜನರು ಇದನ್ನು ಕಾಯಿಗಾಗಿ ಬೆಳೆಸುತ್ತಾರೆ; ಆದರೆ ಸೊಪ್ಪಿನ ಬೆಲೆ ಕಾಯಿಗಿಂತ ಬಹಳ ಹೆಚ್ಚಿನದು. ‘ಎ’ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗುರುಡು ಬರುತ್ತದೆ. ಕೊರತೆ ಬಲಿತರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆಯೇ ಕೆಟ್ಟು ದೃಷ್ಟಿ ಶಾಶ್ವತವಾಗಿ ಹೋಗಬಹುದು. ಈ ಕಾರಣದಿಂದಲೇ ಭಾರತ ಸರ್ಕಾರವು 1970ರಲ್ಲಿ ಎಳೆಯ ಮಕ್ಕಳಿಗೆ ಆ ಜೀವಸತ್ವವನ್ನು ಕುಡಿಸುವ ಕಾರ್ಯವನ್ನು ಆರಂಭಿಸಿತು. ನಮ್ಮ ದೇಹದಲ್ಲಿ ಈ ಜೀವಸತ್ವವಾಗಿ ಮಾರ್ಪಡುವ ವಸ್ತುವು ನುಗ್ಗೆಸೊಪ್ಪಿನಲ್ಲಿ ಧಾರಾಳವಾಗಿದೆ. ಅದು ಎಣ್ಣೆಯ ಜೊತೆಗೂಡಿದಾಗಲೇ ಮೈಗೆ ಚೆನ್ನಾಗಿ ಹತ್ತುತ್ತದೆ. ಆದುದರಿಂದ ಪಲ್ಯಕ್ಕೆ ಒಗ್ಗರಣೆ ಹಾಕುವ ನಮ್ಮ ಹೆಂಗಸರ ಪದ್ಧತಿ ಬರಿಯ ರುಚಿಯ ವಿಷಯವಲ್ಲ. ಮೇಲೆ ಅರ್ಧ ನಿಂಬೆಯನ್ನು ಹಿಂಡಿದರೆ ಸೊಪ್ಪಿನಲ್ಲಿರುವ ಕಬ್ಬಿಣಾಂಶವೂ ರಕ್ತಕ್ಕೆ ಸೇರಲು ನೆರವಾಗುತ್ತದೆ.

ನುಗ್ಗೆಯ ಕೊಂಬೆ ಬಹಳ ಪೆಡಸು. ಗಾಳಿಗೆ ಮುರಿದು ಬೀಳುತ್ತದೆ. ಅದನ್ನು ಮನೆಗೆ ತಗಲಿ ನೆಡಬಾರದು. ಪ್ರತಿವರ್ಷ ಕಾಯಿ ಮುಗಿದೊಡನೆ ನಾಲ್ಕಡಿ ಎತ್ತರದಲ್ಲಿ ಕಡಿದುಬಿಟ್ಟರೆ ಚಿಗುರು ಕೈಗೆಟುಕುವಂತಿರುತ್ತದೆ. ಮಳೆಗಾಲದಲ್ಲಿ ಬೊಡ್ಡೆಯ ಮೇಲೆ ಕಂಬಳಿಹುಳುಗಳು ಗುಂಪುಗೂಡುವುದೊಂದು ಉಪದ್ರವ. ಅದಕ್ಕಾಗಿ ಮರವನ್ನೇ ಕಡಿಸಿದವರನ್ನು ಕಂಡಿದ್ದೇವೆ. ಗುಂಪಾಗಿರುವಾಗಲೇ ಒಂದು ಪಂಜಿನಿಂದ ಅವನ್ನು ಸುಟ್ಟರೆ ಸಾಕಾಗುತ್ತಿತ್ತು.

ಎರಡನೆಯದು ಪರಂಗಿ. ಹೆಸರೇ ಹೇಳುವಂತೆ ಇದು ಹೊರನಾಡಿನದು. ಅಮೆರಿಕದ ಉಷ್ಣಪ್ರದೇಶದಲ್ಲಿ ಹುಟ್ಟಿ, ಯುರೋಪಿಯನರ ಹಡಗುಗಳ ಮೂಲಕ ನಮ್ಮಲ್ಲಿಗೆ ಬಂದಿತು. ಇಷ್ಟು ಬೇಗ ಫಲ ಕೊಡುವ ಹಣ್ಣಿನ ಗಿಡ ಬೇರೊಂದು ದುರ್ಲಭ. ನೆಟ್ಟ ಹತ್ತು ಹನ್ನೊಂದು ತಿಂಗಳಿಗೆ ಹಣ್ಣು ಕೈಗೆ ಬರುತ್ತದೆ. ಇದರಲ್ಲಿ ಗಂಡುಗಿಡ, ಹೆಣ್ಣುಗಿಡಗಳೆಂಬ ಭೇದವಿದೆ; ಹೂ ಬಿಡುವವರೆಗೂ ಯಾವುದು ಯಾವುದೆಂದು ತಿಳಿಯದು. ಉದ್ದವಾದ ಜೋಲುವ ಎಳೆಗಳಲ್ಲಿ ಹೂ ಗೊಂಚಲಾದರೆ ಅದು ಗಂಡು. ಕಾಂಡಕ್ಕೆ ಅಂಟಿಕೊಂಡು ದೊಡ್ಡ ಹೂ ಬಂದರೆ ಹೆಣ್ಣು. ಆದಕಾರಣ ಒಂದೊಂದು ಗುಂಡಿಗೂ ಮೂರು ಸಸಿಗಳನ್ನಿಟ್ಟು, ಹೂ ಕಂಡ ಮೇಲೆ ಬೇಡವಾದುದನ್ನು ತೆಗೆಯತಕ್ಕದ್ದು. ಪರಾಗಕ್ಕಾಗಿ ಒಂದು ಗಂಡು ಹತ್ತಿರದಲ್ಲಿ ಎಲ್ಲಿಯಾದರೂ ಇರಬೇಕು. ಈ ತೊಡಕೇ ಬೇಡವೆನ್ನುವವರಿಗೆ ಕೊಡಗಿನ ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದಿಂದ ಬಂದ ‘ಕೂರ್ಗ್ ಹನಿಡ್ಯೂ’ ಎಂಬ ತಳಿ ಇದೆ. ಅದರಲ್ಲಿ ಹೆಣ್ಣುಗಿಡಗಳೂ ದ್ವಿಲಿಂಗಿ ಗಿಡಗಳೂ ಉಂಟೇ ಹೊರತು ಬರಿಯ ಗಂಡುಗಿಡವಿಲ್ಲ.

ಪರಂಗಿಗೆ ನೀರು ಬೇಕು, ನಿಂತ ನೀರು ಕೂಡದು. ಒಂದೆರಡು ದಿನ ಬುಡದಲ್ಲಿ ನೀರು ನಿಂತರೂ ಕಾಂಡ ಕೊಳೆತು ಗಿಡ ಕುಸಿಯುತ್ತದೆ. ಬುಡಕ್ಕೆ ದಿಬ್ಬದಂತೆ ಮಣ್ಣೇರಿಸಬೇಕು. ಎಲೆ ಮುದುಡಿ, ಹಳದಿ ಮಚ್ಚೆಯೆದ್ದು, ಕಾಯಿಯ ಮೇಲೆ ಉಂಗುರಗಳು ಕಾಣಿಸಿದರೆ ಅದಕ್ಕೆ ಔಷಧವಿಲ್ಲ. ಗಿಡವನ್ನು ಕಿತ್ತುಹಾಕುವುದೊಂದೇ ದಾರಿ.

ಬಚ್ಚಲ ನೀರಿಗೆ ಬಾಳೆಯೆಂಬುದು ನಮ್ಮಲ್ಲಿ ಬಹುಕಾಲದ ಏರ್ಪಾಡು. ಸೀಗೆಪುಡಿ, ಕಡಲೆಹಿಟ್ಟುಗಳಿಂದ ಮೀಯುತ್ತಿದ್ದಾಗ ಆ ನೀರು ಗಿಡಕ್ಕೆ ಕೆಡುಕು ಮಾಡುತ್ತಿರಲಿಲ್ಲ. ಈಗಿನ ಬಟ್ಟೆ ತೊಳೆಯುವ ಪುಡಿಗಳ ಕ್ಷಾರವು ಮಣ್ಣನ್ನು ಕೆಡಿಸುವುದರಿಂದ, ಮೀಯುವ ನೀರನ್ನು ಮಾತ್ರ ಬಾಳೆಗೆ ತಿರುಗಿಸಿ, ಒಗೆದ ನೀರನ್ನು ಹೊರಕ್ಕೆ ಬಿಡುವುದು ಕ್ಷೇಮ. ಹಸಿಯಾಗಿ ತಿನ್ನುವ ಸೊಪ್ಪುಗಳಿಗೆ ಯಾವ ಬಚ್ಚಲ ನೀರೂ ತಕ್ಕುದಲ್ಲ. ಕಂದನ್ನು ಆರಿಸುವಾಗ ಅಗಲವಾದ ಎಲೆ ಬಿಟ್ಟ ನೀರುಗಂದನ್ನು ಬಿಟ್ಟು, ಕತ್ತಿಯಂತೆ ಸಪೂರವಾದ ಎಲೆಯಿದ್ದು ಬುಡ ದಪ್ಪಗಿರುವ ಕಂದನ್ನೇ ತೆಗೆದುಕೊಳ್ಳಬೇಕು.

ಕಂದು ಕೇಳುವ ಮೊದಲು ತಾಯಿಗಿಡವನ್ನೂ ನೋಡಿರಿ. ನಂಜನಗೂಡಿನ ರಸಬಾಳೆಯ ಕಥೆಯನ್ನು ಬಲ್ಲವರಿಗೆ ಈ ಮಾತಿನ ಮರ್ಮ ತಿಳಿಯುತ್ತದೆ. ಕಪಿಲೆಯ ದಡದ ದೇವರಸನಹಳ್ಳಿಯ ಕಡೆ ತೋಟತೋಟಗಳಾಗಿ ಬೆಳೆಯುತ್ತಿದ್ದ ಆ ಬಾಳೆಯನ್ನು ಪನಾಮ ಸೊರಗುರೋಗವು ತೀರ ವಿರಳವಾಗಿಸಿತು. ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರಬಲ್ಲ ಬೂಷ್ಟು ಅದಕ್ಕೆ ಕಾರಣ. ರೋಗದ ಕಂದಿನೊಡನೆಯೇ ಅದು ಊರಿಂದೂರಿಗೆ ಹೋಗುತ್ತದೆ. ಎಲೆಯ ಅಂಚು ಹಳದಿಯಾಗಿ ಜೋತುಬಿದ್ದ ಗಿಡದಿಂದ, ಎಷ್ಟೇ ಸ್ನೇಹಿತರು ಕೊಟ್ಟರೂ, ಕಂದನ್ನು ತರಬೇಡಿ.

ಸೀಬೆ, ನಿಂಬೆ, ಕರಿಬೇವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬಿಸಿಲು ಸಿಕ್ಕಿದರೆ ತಾವಾಗಿ ಬರುತ್ತವೆ. ಸೀಬೆಯಲ್ಲಿ ‘ಸಿ’ ಜೀವಸತ್ವವು ಕಿತ್ತಳೆಗಿಂತ ಹಲವು ಪಾಲು ಹೆಚ್ಚು, ಬೆಲೆ ಮಾತ್ರ ಕಡಿಮೆ. ಬೇಲಿಗೆ ಸೀಮೆಬದನೆಯನ್ನು ಹಬ್ಬಿಸಬಹುದು. ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್ ಬೆಂಗಳೂರಿಗೆ ತಂದ ಈ ಬಳ್ಳಿಯ ಕಾಯಿಯನ್ನು ತಮಿಳರು ಬೆಂಗಳೂರು ಬದನೆಯೆಂದೇ ಕರೆಯುತ್ತಾರೆ!

ಇನ್ನು ಚಕ್ರಮುನಿಯ ಮಾತು. ಇದನ್ನು ವಿಟಮಿನ್ ಸೊಪ್ಪೆಂದು ಕರೆದು ಮನೆಮನೆಯಲ್ಲಿಯೂ ನೆಡುತ್ತಿದ್ದಾರೆ. ಸೊಪ್ಪು ಒಳ್ಳೆಯದೇ, ಬೇಯಿಸಿ ಪಲ್ಯ, ಹುಳಿಗಳಲ್ಲಿ ಹಿತಮಿತವಾಗಿ ಉಣ್ಣಬಹುದು. ಆದರೆ ತೈವಾನ್ ದ್ವೀಪದಲ್ಲಿ 1994-95ರ ಸುಮಾರಿನಲ್ಲಿ ಮೈ ಸಣ್ಣಗಾಗಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಪ್ರತಿದಿನವೂ ಕುಡಿದವರಲ್ಲಿ ಅನೇಕರಿಗೆ ಶ್ವಾಸನಾಳದ ಸಣ್ಣ ಕವಲುಗಳು ಮುಚ್ಚಿಹೋಗುವ ರೋಗ ತಗಲಿತು. ಕೆಲವರು ಮಡಿದರು, ಕೆಲವರಿಗೆ ಬದಲಿ ಶ್ವಾಸಕೋಶವನ್ನೇ ಜೋಡಿಸಬೇಕಾಯಿತು. ಬೆಳಗಾಗೆದ್ದು ಹಸಿರು ರಸ ಕುಡಿಯುವ ಪರಿಪಾಠ ನಮ್ಮ ಬೀದಿಗಳಲ್ಲಿಯೂ ಈಗ ಕಾಣುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ. ಹಾಗೆಯೇ ಐದು ಏಣುಗಳ ಧಾರೆಹುಳಿ ಹಣ್ಣು ನೋಡಲು ಸೊಗಸು. ಮೂತ್ರಪಿಂಡದ ಕಾಯಿಲೆಯವರು ಮಾತ್ರ ಅದನ್ನು ಬಾಯಿಗೆ ಹಾಕಕೂಡದು. ಅದರೊಳಗಿನ ವಿಷವನ್ನು ಹೊರಹಾಕಲಾರದೆ ಅವರಿಗೆ ನಿಲ್ಲದ ಬಿಕ್ಕಳಿಕೆ, ಬುದ್ಧಿಭ್ರಮೆ, ಕೆಲವೊಮ್ಮೆ ಸಾವು ಕೂಡ ಸಂಭವಿಸಿರುವುದುಂಟು. ಮನೆಗೆ ಬಂದವರಿಗೆ ಹಣ್ಣು ಕೊಡುವಾಗ ಇಷ್ಟನ್ನು ಕೇಳಿ ಕೊಡುವುದು ಒಳ್ಳೆಯದು.

ಮಣ್ಣೇ ಇಲ್ಲದವರು ತಾರಸಿಯ ಮೇಲೆ ಕುಂಡಗಳಲ್ಲಿ ಬಸಳೆ, ದೊಡ್ಡಪತ್ರೆ, ಮೆಂತ್ಯಗಳನ್ನು ಬೆಳೆಯಬಹುದು. ಉಳಿದವರು ಮುಂಗಾರಿನ ಮೊದಲ ಮಳೆಗಳು ಬಿದ್ದೊಡನೆ ನುಗ್ಗೆಯ ಕೊಂಬೆಯನ್ನೂ ಬಾಳೆಯ ಕಂದನ್ನೂ ನೆಡಲಿ. ಪರಂಗಿಯ ಬೀಜವನ್ನು ಮಾತ್ರ ಬೂದಿಯಲ್ಲಿ ಉಜ್ಜಿ ಮೇಲಿನ ಲೋಳೆ ತೆಗೆದು, ನೆರಳಿನಲ್ಲಿ ಒಣಗಿಸಿ, ಅದಕ್ಕೆ ಎರಡು ತಿಂಗಳು ಮೊದಲೇ ಕುಂಡದಲ್ಲಿ ಬಿತ್ತಿಟ್ಟುಕೊಳ್ಳಬೇಕು.