ಮಕ್ಕಳ ಸೇವೆಯಲ್ಲಿ ದೊರೆಯುವ ಕೃತಜ್ಞತೆ

(ಸೆಪ್ಟೆಂಬರ್ 8: ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ)



ನಮ್ಮ ಕರಾವಳಿಯ ವಾಡಿಕೆಯಂತೆ ಆಗಸ್ಟ್ 30ರಿಂದ ಒಂಬತ್ತು ದಿನ ನಮ್ಮ ಮಕ್ಕಳು ಹೂ ತಂದು ಬಾಲ ಮರಿಯಮ್ಮನವರಿಗೆ ಅರ್ಪಿಸಿದ್ದಾರೆ. ಇಂದು ಹೊಸ ತೆನೆಯ ಆಶೀರ್ವಾದ. ಮನೆಗೆ ಹೋಗಿ ಅದರ ಕಾಳುಗಳನ್ನು ಸುಲಿದು, ಪಾಯಸಕ್ಕೋ ಹಾಲಿಗೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸೇವಿಸುತ್ತೇವೆ. ಬೆಳೆಗಾಗಿ, ಕುಟುಂಬಕ್ಕಾಗಿ ದೇವರಿಗೆ ವಂದನೆ ಸಲ್ಲಿಸುವ ಹಬ್ಬವಿದು.

ಈ ಒಂಬತ್ತು ದಿನ ಮಕ್ಕಳ ಜೊತೆ ನಿಂತವರನ್ನೂ ಸ್ವಲ್ಪ ನೆನೆಯೋಣ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದವರು, ಹಾಡು ಕಲಿಸಿದವರು, ಬರಿಗೈಯಲ್ಲಿ ಬಂದ ಮಗುವಿಗೆ ತಮ್ಮ ಬುಟ್ಟಿಯಿಂದ ಹಿಡಿ ಹೂ ಕೊಟ್ಟವರು, ಬಲಿಪೂಜೆ ಮುಗಿದ ಮೇಲೆ ಎಸಳು ಗುಡಿಸಿದವರು. ಮನೆಕೆಲಸ, ಉದ್ಯೋಗಗಳ ನಡುವೆ ಬಿಡುವು ಮಾಡಿಕೊಂಡು ಬಂದವರು ಇವರು. "ಫಾದರ್, ಮುಂದಿನ ವರ್ಷ ಬೇರೆ ಯಾರನ್ನಾದರೂ ನೋಡಿ" ಎಂಬ ಮಾತನ್ನು ನಾವು ಗುರುಗಳು ಆಗಾಗ ಕೇಳುತ್ತೇವೆ. ಅವರ ದಣಿವು ನಿಜ. ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲವೆಂಬ ನೋವೂ ನಿಜ.

ಇಂದಿನ ಶುಭಸಂದೇಶದಲ್ಲಿ ಸಂತ ಮತ್ತಾಯ ಅಬ್ರಹಾಮನಿಂದ ಕ್ರಿಸ್ತನವರೆಗಿನ ವಂಶಾವಳಿಯನ್ನು ನೀಡುತ್ತಾರೆ. ಅಷ್ಟೊಂದು ಹೆಸರುಗಳಲ್ಲಿ ಮರಿಯಮ್ಮನವರ ತಂದೆತಾಯಿಯ ಹೆಸರಿಲ್ಲ. ಜೋಕಿಂ, ಅನ್ನಮ್ಮ ಎಂಬ ಹೆಸರುಗಳು ನಮಗೆ ದೊರೆತದ್ದು ಧರ್ಮಸಭೆಯ ಪರಂಪರೆಯಿಂದ. ಬೈಬಲಿನಲ್ಲಿ ಅವು ಎಲ್ಲಿಯೂ ಇಲ್ಲ. ಆದರೂ ಆ ಪುಟ್ಟ ಮಗುವಿನ ಕೈಜೋಡಿಸಿ ಪ್ರಾರ್ಥನೆ ಕಲಿಸಿದವರು ಇದ್ದೇ ಇದ್ದರು. ಮುಂದೆ ಎಲಿಜಬೇತಮ್ಮನವರ ಮನೆಯಲ್ಲಿ ಮರಿಯಮ್ಮ ದೇವರ ಉಪಕಾರಗಳನ್ನು ಎಣಿಸಿ ಸ್ತುತಿಸಿದಾಗ ಆ ಕಲಿಕೆ ಫಲ ಕೊಟ್ಟಿತು.

ಮಕ್ಕಳಿಗೆ ಕಲಿಸುವವರು ಅವರಿಂದ ಕಲಿಯುವುದೂ ಉಂಟು. ಧರ್ಮೋಪದೇಶದ ತರಗತಿಯಲ್ಲಿ ಚಿಕ್ಕ ಮಕ್ಕಳನ್ನು, "ಯಾವುದಕ್ಕಾಗಿ ದೇವರಿಗೆ ವಂದನೆ ಹೇಳುತ್ತೀರಿ?" ಎಂದು ಕೇಳಿ ನೋಡಿ. ಅಜ್ಜಿಯ ಕೆಮ್ಮು ಕಡಿಮೆಯಾಯಿತು, ಬೆಕ್ಕು ಮರಿ ಹಾಕಿತು, ಗಲ್ಫಿನಿಂದ ಪಪ್ಪ ಫೋನ್ ಮಾಡಿದರು: ಇಂಥ ಉತ್ತರಗಳು ಬರುತ್ತವೆ. ಪಪ್ಪ ಹಬ್ಬಕ್ಕೆ ಬರಲಿಲ್ಲವೆಂದು ಆ ಮಗು ದೂರುವುದಿಲ್ಲ, ಅವರ ಧ್ವನಿ ಕೇಳಿಸಿತೆಂದು ಹಿಗ್ಗುತ್ತದೆ. ದೊಡ್ಡವರಾದ ನಾವು ಸಿಗದೆ ಹೋದುದನ್ನೇ ಲೆಕ್ಕ ಹಾಕುತ್ತೇವೆ. ಇಂಥ ಪ್ರಾರ್ಥನೆಯನ್ನು ಪಕ್ಕದಲ್ಲೇ ಕುಳಿತು ಕೇಳುವ ಭಾಗ್ಯ ಟೀಚರಿನದು. ಮಕ್ಕಳನ್ನು ತಂದವರನ್ನು ಶಿಷ್ಯರು ಗದರಿಸಿದಾಗ, ಯೇಸುಸ್ವಾಮಿ ಮಕ್ಕಳನ್ನು ಅಪ್ಪಿಕೊಂಡು, ಅವರಂತೆ ದೇವರ ರಾಜ್ಯವನ್ನು ಸ್ವೀಕರಿಸಬೇಕೆಂದು ಬೋಧಿಸಿದ್ದು ಇದಕ್ಕಾಗಿಯೇ ಅಲ್ಲವೇ?

ಪೋಪ್ ಫ್ರಾನ್ಸಿಸ್‌ರವರು 2021ರ ಮೇ ತಿಂಗಳಲ್ಲಿ ಧರ್ಮೋಪದೇಶಕರ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ಧರ್ಮಸಭೆ ಇಷ್ಟು ಗೌರವಿಸುವ ಈ ಸೇವೆಗೆ ನಮ್ಮ ಕುಟುಂಬಗಳು ಏನು ಮಾಡಬಹುದು? ಪ್ರಿಯ ತಂದೆತಾಯಂದಿರೇ, ನಿಮ್ಮ ಮಗುವಿಗೆ ಕಲಿಸುವವರ ಹೆಸರು ನಿಮಗೆ ಗೊತ್ತೇ? ಮಗುವನ್ನು ಗೇಟಿನ ಬಳಿ ಇಳಿಸಿ ಹೊರಡುವ ಬದಲು ತಿಂಗಳಿಗೊಂದು ಭಾನುವಾರ ಅವರ ಜೊತೆ ನಿಲ್ಲಿ. ಮಕ್ಕಳೇ, ಇಂದು ನಿಮಗೆ ಸಿಗುವ ಕಬ್ಬಿನಲ್ಲಿ ಒಂದು ತುಂಡನ್ನು ನಿಮ್ಮ ಟೀಚರಿಗೂ ಕೊಡಿ. ಇನ್ನು, ಈ ವರ್ಷಕ್ಕೆ ಸಾಕು ಎಂದುಕೊಂಡಿರುವ ಟೀಚರುಗಳೇ, ತೀರ್ಮಾನಿಸುವ ಮೊದಲು ಇನ್ನೊಮ್ಮೆ ಆ ಮಕ್ಕಳ ಪ್ರಾರ್ಥನೆಯನ್ನು ಕೇಳಿರಿ.

ಬಾಲ ಮರಿಯಮ್ಮನವರ ಬಿನ್ನಹದಿಂದ ದೇವರು ನಮ್ಮೆಲ್ಲರಿಗೂ ಕೃತಜ್ಞತೆಯ ಹೃದಯವನ್ನು ದಯಪಾಲಿಸಲಿ. ಆಮೆನ್.